ಒಲೆಯ ನೆತ್ತಿಯ ಕಾವಲುಗಾರ

ಹೆಂಡತಿ ಊರಲ್ಲಿಲ್ಲದಿದ್ದರೆ ಗಂಡ ಉಪವಾಸ ಬೀಳುತ್ತಾನೆ ಎಂಬ ಅಪವಾದವನ್ನು ಸಮಸ್ತ ಗಂಡಂದಿರ ಪರವಾಗಿ ಅಳಿಸಿಹಾಕಲು ನಾನು ಪಣ ತೊಟ್ಟಿದ್ದೆ! ನನ್ನಾಕೆ ದಾದಿಯರಿಗೆ ತರಬೇತಿ ಕೊಡಲು ದೂರದ ಊರಿಗೆ ಹೋಗಿದ್ದಳು. ಹೋದವಳು ಸುಮ್ಮನಿರದೆ ಎರಡು ಅಲಾರಂ ಕಳಿಸಿದಳು. ಒಂದು ಹೊಗೆಗೆ, ಇನ್ನೊಂದು ವಾಸನೆಯೇ ಇಲ್ಲದೆ ಕೊಲ್ಲುವ ಕಾರ್ಬನ್ ಮಾನಾಕ್ಸೈಡಿಗೆ.

“ಒಳಗಿರೋ ಹಾಳೆ ಓದಿ ಹಾಕಿ,” ಎಂದಿದ್ದಳು.

ಓದುವುದೇ? ನಾನೇ? ಕಳ್ಳ ಬರುವ ಬಾಗಿಲಲ್ಲೇ ಕಾವಲುಗಾರ ನಿಲ್ಲಬೇಕು ಎಂಬ ಮಹಾಸಿದ್ಧಾಂತದಂತೆ ಹೊಗೆಯದನ್ನು ಒಲೆಯ ನೆತ್ತಿಗೇ ಜಡಿದೆ. ಇನ್ನೊಂದು ನೋಡಲು ಚೆನ್ನಾಗಿರಲಿಲ್ಲ. ಕಿಟಕಿಯ ಪರದೆಯ ಹಿಂದೆ ಬಚ್ಚಿಟ್ಟೆ.

ಅಂದಿನಿಂದ ಮೊಟ್ಟೆ ಬಾಣಲೆಗೆ ಬಿದ್ದರೆ ಸಾಕು, ಕಾವಲುಗಾರ ಬಾಯಿ ಬಡಿದುಕೊಳ್ಳುತ್ತಿದ್ದ. ನಾನು ಸ್ಟೂಲ್ ಹತ್ತಿ ಟವೆಲ್ ಬೀಸುವಷ್ಟರಲ್ಲಿ ಮೊಟ್ಟೆ ಕರಕಲು. ಆ ಕರಕಲಿಗೆ ಮತ್ತೆ ಕೂಗು! ಮೇಲಿನ ಮನೆಯ ಮೇಷ್ಟ್ರು ಎರಡು ಸಲ ಬಕೆಟ್ ನೀರು ಹಿಡಿದು ಓಡಿ ಬಂದರು. ಮೂರನೆಯ ಸಲ ಬರಿಗೈಯಲ್ಲಿ ಬಂದು, “ಬ್ರೆಡ್ ತಿನ್ನಿ ಸಾರ್,” ಎಂದರು. ನಿಜ ಹೇಳಲೇ? ಮನೆಯಲ್ಲಿ ನನ್ನನ್ನು ಬೈಯುವ ಒಂದು ದನಿಯಾದರೂ ಇದೆಯಲ್ಲ ಎಂದು ಒಳಗೊಳಗೇ ಹಿತವಾಗುತ್ತಿತ್ತು.

ನಿನ್ನೆ ಸಂಜೆ ಬಾಣಲೆಗೆ ಮೊಟ್ಟೆ ಒಡೆದು ಹಾಕುವಾಗ ಆಕೆಯ ಫೋನ್ ಬಂತು.

“ಇನ್ನೂ ಮೂರು ತಿಂಗಳು ಇರಿ ಅಂತಿದ್ದಾರೆ. ಏನ್ ಹೇಳ್ಲಿ?”

‘ಬೇಡ, ಬಂದುಬಿಡು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪಣ ತೊಟ್ಟ ಗಂಡಸು!

“ಇರು, ಇರು! ಇಲ್ಲಿ ರಾಜವೈಭವ ನಡೀ—”

ಕೀಂಯ್! ಕೀಂಯ್! ಕೀಂಯ್!

“ಅದೇನ್ರೀ ಅದು? ಅಲಾರಂ ಎಲ್ಲಿ ಹಾಕಿದ್ದೀರಾ?”

“ಒಲೆ ಮೇಲೆ.”

“ಅಯ್ಯೋ ದೇವರೇ! ಒಲೆಯಿಂದ ದೂರ ಇರ್ಬೇಕು. ಮಲಗೋ ಕಡೆ ಸೂರಿಗೆ ಹಾಕ್ಬೇಕು, ನಿದ್ದೇಲೂ ಕೇಳೋ ಹಾಗೆ. ಇನ್ನೊಂದೂ ಅಲ್ಲೇ ಹತ್ರ. ಪರದೆ ಹಿಂದೆ ಗಿಂದೆ ಇಟ್ಟೀರಾ ಮತ್ತೆ!”

“ಹಾಗಾದ್ರೆ ಎರಡನ್ನೂ ಹಾಲ್‌ನಲ್ಲೇ ಹಾಕ್ತೀನಿ.”

“ಹಾಲ್‌ನಲ್ಲಿ ಯಾಕೆ?”

“ನಾನು ಮಲಗೋದು ಅಲ್ಲೇ. ಸೋಫಾ ಮೇಲೆ.”

“ಮಂಚಕ್ಕೇನಾಗಿದೆ?”

“ಏನೂ ಆಗಿಲ್ಲ. ಪಕ್ಕದಲ್ಲಿ ನಿನ್ನ ದಿಂಬು ಹಾಗೇ ಬಿದ್ದಿರುತ್ತೆ. ನಂಗೆ ನಿದ್ದೆ ಬರಲ್ಲ.”

ಕಾವಲುಗಾರ ಇನ್ನೂ ಅರಚುತ್ತಲೇ ಇದ್ದ.

“ರೀ,” ಎಂದಳು, ದನಿ ಮೆತ್ತಗಾಗಿತ್ತು. “ಮಲಗೋ ಕೋಣೆ ಬಾಗಿಲ ಹೊರಗೇ ಹಾಕಿ. ಶನಿವಾರದಿಂದ ಇಬ್ರೂ ಒಳಗೇ ಮಲಗ್ತೀವಿ.”

“ಈಗ್ಲೇ ಹಾಕ್ತೀನಿ!” ಎಂದು ಸ್ಟೂಲ್ ಎತ್ತಿಕೊಂಡು ಓಡಿದೆ.

“ಮೊದ್ಲು ಒಲೆ ಆರಿಸಿ!”