ಮೂಗಿನ ಮೇಸ್ತ್ರಿಯ ಹುರುಳಿ ಸಾರು

ನಮ್ಮ ಸೋದರಮಾವನ ಬಗ್ಗೆ ನೆಂಟರೆಲ್ಲ ಸೇರಿ ಕಟ್ಟಿರುವ ಕತೆಯೊಂದಿದೆ. ಮಾವ ಬಾಗಲಗುಂಟೆಯ ಮನೆಯ ಮೆಟ್ಟಿಲ ಮೇಲೆ ಕೂತೇ, ಹಿಂದಿನ ಬೀದಿಯಲ್ಲಿ ಯಾರು ಸಾರಿಗೆ ಜೀರಿಗೆ ಹಾಕಲು ಮರೆತಿದ್ದಾರೆ ಎಂದು ಮೂಸಿ ಹೇಳುತ್ತಿದ್ದರಂತೆ! ಮದುವೆಮನೆಯಲ್ಲಿ ಛತ್ರದ ಬಾಗಿಲಲ್ಲೇ ನಿಂತು, “ಒಳಗೆ ಬೇಳೆ ತಳ ಹಿಡಿದಿದೆ” ಎಂದು ಘೋಷಿಸಿದರಂತೆ. ಅಡುಗೆಭಟ್ಟರು ಓಡಿಹೋಗಿ ನೋಡಿದರೆ ನಿಜವಂತೆ.

ಅಂತೆ, ಅಂತೆ, ಅಂತೆ! ಇದಕ್ಕೆ ಆಧಾರವೇನು? ಕಂಡವರು ಯಾರು? ನನ್ನ ವಾದ ಬೇರೆಯೇ ಇದೆ. ಮಾವನಿಗೆ ಅಂಥ ಮೂಗು ಒಂದು ಕಾಲದಲ್ಲಿ ಇದ್ದಿರಬಹುದು. ನಾನು ಅವರ ಮನೆ ಸೇರಿದ ಹೊತ್ತಿಗೆ ಅದು ಕನ್ನಡಕ ಕೂರಿಸುವ ಸ್ಟ್ಯಾಂಡ್ ಆಗಿತ್ತು, ಅಷ್ಟೇ.

ಆಗ ತುಮಕೂರು ರಸ್ತೆಯ ಉದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದವು. ಡಿಗ್ರಿ ಓದಲೆಂದು ನಾನು ಮಾವನ ಮನೆಯಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕಾರು ಸ್ಟೀಲ್ ಲೋಟ ಗೆದ್ದು, ಯಾರು ಏನೇ ಹೇಳಿದರೂ ಅಡ್ಡ ಪ್ರಶ್ನೆ ಹಾಕುವ ಕಾಯಿಲೆ ಅಂಟಿಸಿಕೊಂಡಿದ್ದೆ. ಮಾವ ನನ್ನನ್ನು ಕರೆಯುತ್ತಿದ್ದದ್ದೇ “ಲಾಯರಮ್ಮ” ಎಂದು.

ಮಾವನ ಕೆಲಸ ಪೀಣ್ಯದ ಒಂದು ಮಸಾಲೆಪುಡಿ ಕಾರ್ಖಾನೆಯಲ್ಲಿ. ಹುರಿಯುವ ವಿಭಾಗದ ಮೇಸ್ತ್ರಿ. ದೊಡ್ಡ ಡ್ರಮ್ಮಿನಲ್ಲಿ ಉರುಳುವ ಕೊತ್ತಂಬರಿ ಬೀಜ ಯಾವ ಗಳಿಗೆಯಲ್ಲಿ ಹದಕ್ಕೆ ಬಂತು ಎಂದು ಅಲ್ಲಿ ಯಂತ್ರ ಹೇಳುತ್ತಿರಲಿಲ್ಲ, ಮಾವನ ಮೂಗು ಹೇಳುತ್ತಿತ್ತು. ಒಂದು ನಿಮಿಷ ಬೇಗ ಇಳಿಸಿದರೆ ಹಸಿ, ಒಂದು ನಿಮಿಷ ತಡವಾದರೆ ಕಹಿ. ಅಂದರೆ ಮೂಗು ಇರುವವರೆಗೆ ಮೇಸ್ತ್ರಿಕೆ. ಮೂಗು ಹೋಯಿತೋ, ಮೇಸ್ತ್ರಿಕೆಯೂ ಹೋಯಿತು.

ಆ ವರ್ಷ ಕಾರ್ಖಾನೆಯ ಓನರಿಗೆ ಒಂದು ಉಪಾಯ ಹೊಳೆಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪೀಜಿಗಳಲ್ಲಿ ಮನೆಯೂಟಕ್ಕೆ ಬಾಯಿ ಬಿಡುವ ಹುಡುಗ ಹುಡುಗಿಯರಿಗಾಗಿ ಹುರುಳಿ ಕಟ್ಟಿನ ಸಾರಿನ ಪುಡಿಯನ್ನು ಪ್ಯಾಕೆಟ್ಟಿನಲ್ಲಿ ಮಾರುವುದು! ಪುಡಿಯ ಹದ ಗೊತ್ತು ಮಾಡುವವರು ನಮ್ಮ ಮಾವ. “ತಿಂಗಳ ಕೊನೇ ಭಾನುವಾರ ನಿಮ್ಮ ಮನೆಗೇ ಊಟಕ್ಕೆ ಬರ್ತೀನಿ ಕಣಯ್ಯಾ, ಮೇಸ್ತ್ರಿ” ಎಂದು ಓನರ್ ಹೇಳಿಬಿಟ್ಟರು. ಅಲ್ಲಿಂದ ನಮಗೆ ಭಾನುವಾರ ಎಂದರೆ ಹುರುಳಿ, ಹುರುಳಿ, ಹುರುಳಿ.

ಅದೂ ಎಂಥ ಹುರುಳಿ? ಕಪ್ಪು ಹುರುಳಿಯೇ ಆಗಬೇಕು! ಕೆಂಪು ಹುರುಳಿಯ ಕಟ್ಟು “ಮುಖ ತೊಳೆದ ನೀರು” ಎಂಬುದು ಮಾವನ ತೀರ್ಪು. ಶನಿವಾರವೇ ಮೊರದಲ್ಲಿ ಹರಡಿ ಕಲ್ಲು ಆರಿಸಿ ನೆನೆಹಾಕುವುದು. ಬೆಳಿಗ್ಗೆ ಅಗಲ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಕುಕ್ಕರ್ ಎಂದರೆ ಕೊಲೆಗೆ ಬಂದಂತೆ ನೋಡುತ್ತಿದ್ದರು. ಬೆಂದ ಮೇಲೆ ಬಸಿದರೆ ಕಾಫಿ ಡಿಕಾಕ್ಷನ್ನಿನಂಥ ಕಡುಗಪ್ಪು ಕಟ್ಟು ಇಳಿಯುತ್ತದೆ. ಕಾಳು ಪಲ್ಯಕ್ಕೆ, ಕಟ್ಟು ಸಾರಿಗೆ. ಕೊತ್ತಂಬರಿ, ಜೀರಿಗೆ, ಮೆಣಸು, ಬ್ಯಾಡಗಿ ಮೆಣಸಿನಕಾಯಿ ಹುರಿದು, ಕಪ್ಪಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ, ಹುಣಸೆರಸ ಬಿಟ್ಟು ಕುದಿಸಬೇಕು. ಇಷ್ಟೇ. ಇಷ್ಟಕ್ಕೆ ಮನೆಯಲ್ಲಿ ಕರ್ಫ್ಯೂ!

ಮಾವ ಹುರಿಯಲು ನಿಂತರೆ ಟೀವಿ ಆಫ್. ಫ್ಯಾನ್ ಆಫ್. ಅತ್ತೆ ಬಳೆ ಸದ್ದು ಮಾಡುವಂತಿಲ್ಲ. ಒಮ್ಮೆ ನಾನು ಪುಟ ತಿರುಗಿಸಿದ್ದಕ್ಕೇ, “ಶ್ಶ್!” ಎಂದರು.

“ಮಾವ, ಹದ ನೋಡೋದು ಮೂಗಲ್ಲಿ ತಾನೇ? ಮೂಗಿಗೆ ಸದ್ದು ಯಾಕೆ ಅಡ್ಡ ಬರುತ್ತೆ?”

ಮಾವ ಸೌಟಿನ ಹಿಡಿಯಿಂದ ಕಿವಿಯ ಹಿಂದೆ ಕೆರೆದುಕೊಂಡರು. “ಅದು... ಏಕಾಗ್ರತೆ ಕಣಮ್ಮ. ನಿಂಗೆ ಅರ್ಥ ಆಗಲ್ಲ.”

ಆಕ್ಷೇಪ! ಅರ್ಥವಾಗದ್ದಕ್ಕೆ ಏಕಾಗ್ರತೆ ಎಂದು ಹೆಸರಿಟ್ಟರೆ ಅದು ಉತ್ತರವಾಗುತ್ತದೆಯೇ? ನಾನು ಮನಸ್ಸಿನಲ್ಲೇ ಒಂದು ಅಂಕ ಹಾಕಿಕೊಂಡೆ.

ಎರಡನೆಯ ಅಂಕ ಕೊಟ್ಟದ್ದು ಒಂದು ಸತ್ತ ಇಲಿ. ಅಕ್ಕಿ ಡಬ್ಬದ ಹಿಂದೆಲ್ಲೋ ಸತ್ತು ಬಿದ್ದು ಮನೆಯೆಲ್ಲ ನಾರುತ್ತಿತ್ತು. ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಹುಡುಕುತ್ತಿದ್ದರು, ನಾನು ಬೀದಿಗೇ ಓಡಿದ್ದೆ. ಮಾವ? ಆ ಡಬ್ಬಕ್ಕೇ ಒರಗಿ ಕೂತು ಮುದ್ದೆ ಮುರಿಯುತ್ತಿದ್ದರು! ಮುರಿದು, ಸಾರಿನಲ್ಲಿ ಅದ್ದಿ, ಕಣ್ಣುಮುಚ್ಚಿ, “ಆಹಾ” ಎಂದರು. ನಾನು ದಂಗಾದೆ. ಪಕ್ಕದ ಮನೆಯಾಕೆ ಮಾತ್ರ ಭಕ್ತಿಯಿಂದ, “ಅಂಥಾ ಮೂಗು ಇಂಥಾ ಚಿಲ್ಲರೆ ವಾಸನೆಗೆಲ್ಲ ತಲೆ ಕೆಡಿಸ್ಕೊಳಲ್ಲ ಬಿಡಿ” ಎಂದರು. ನಂಬಿಕೆ ಇದ್ದರೆ ಇಲಿಯೂ ಸಾಕ್ಷಿಯೇ!

ಮೂರನೆಯ ಭಾನುವಾರ ನಡೆದದ್ದು ಮಾತ್ರ ತಮಾಷೆಯಲ್ಲ. ಅತ್ತೆ ಬಟ್ಟೆ ಒಣಹಾಕಲು ಮೇಲೆ ತಾರಸಿಗೆ ಹೋಗಿದ್ದರು. ನಾನು ಕೋಣೆಯಲ್ಲಿ ಓದುತ್ತಿದ್ದೆ. ಇದ್ದಕ್ಕಿದ್ದಂತೆ ಗ್ಯಾಸಿನ ವಾಸನೆ! ಅಡುಗೆಮನೆಗೆ ಓಡಿದರೆ ಸಾರು ಉಕ್ಕಿ ಒಲೆ ಆರಿಹೋಗಿದೆ. ಬರ್ನರ್ ಬುಸುಗುಡುತ್ತಿದೆ. ಮಾವ ಅದೇ ಪಾತ್ರೆಯ ಮೇಲೆ ಬಗ್ಗಿ ಎದೆ ತುಂಬ ಉಸಿರೆಳೆದು ಹೇಳುತ್ತಿದ್ದಾರೆ: “ಏನ್ ಘಮ ಅಂತೀಯ, ಲಾಯರಮ್ಮ! ಇವತ್ತು ಕೂತ್ಕೊಂಡ್ತು ನೋಡು ಹದ.”

ಅವರ ಬಲಗೈಯಲ್ಲಿ ಲೈಟರ್. ಒಗ್ಗರಣೆಗೆಂದು ಪಕ್ಕದ ಒಲೆ ಹಚ್ಚಲು ಹೊರಟಿದ್ದರು!

ನಾನು ಕಿರುಚಿದ್ದು ದಾಸರಹಳ್ಳಿಗೆ ಕೇಳಿಸಿರಬೇಕು. ಲೈಟರ್ ಕಿತ್ತುಕೊಂಡೆ, ಸಿಲಿಂಡರ್ ಆಫ್ ಮಾಡಿದೆ, ಕಿಟಕಿ ತೆರೆದೆ. ಗಾಬರಿಯಲ್ಲಿ ಮಾವ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದರು, ಆ ಕೈಯನ್ನೂ ಹಿಡಿದೆ.  ಆದರೂ ಚರ್ಚಾಪಟುವಿನ ಬಾಯಿ ಸುಮ್ಮನಿರುತ್ತದೆಯೇ?

“ಮಾವ, ಈಗ ನಿಮಗೆ ಏನ್ ವಾಸನೆ ಬರ್ತಿದೆ? ಹೇಳಿ.”

“ಬೆಳ್ಳುಳ್ಳಿ... ಸುಟ್ಟ ಈರುಳ್ಳಿ...”

“ಗ್ಯಾಸ್, ಮಾವ! ಮನೆ ತುಂಬ ಗ್ಯಾಸ್! ನಿಮಗೆ ಏನೂ ಗೊತ್ತಾಗ್ತಿಲ್ಲ, ಅಲ್ವಾ?”

ಗೆದ್ದೆ. ವಾದ ಮುಗಿಯಿತು. ಗೆದ್ದ ಮೇಲೆ ಚಪ್ಪಾಳೆ ಬರಬೇಕಲ್ಲ? ಮಾವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು.

ಒಂದೂವರೆ ವರ್ಷವಾಗಿತ್ತಂತೆ. ಒಂದು ವಿಷಮ ಜ್ವರ ಬಂದು ಹೋಯಿತು. ಎದ್ದ ದಿನ ಅತ್ತೆ ಕೊಟ್ಟ ಕಾಫಿ ಬರೀ ಬಿಸಿನೀರಾಗಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಬರಲಿಲ್ಲ. ನಾಲಗೆಗೆ ಉಪ್ಪು, ಹುಳಿ, ಖಾರ ಗೊತ್ತಾಗುತ್ತಿತ್ತು. ಘಮ ಮಾತ್ರ ಮಾಯ.

“ಮತ್ತೆ ಮನೇಲಿ ಹದ ಹೆಂಗೆ ನೋಡ್ತೀರಿ?”

“ಕಿವೀಲಿ. ಕೊತ್ತಂಬ್ರಿ ಹದಕ್ ಬಂದಾಗ ಚಟಚಟ ಅನ್ನೋದು ನಿಂತು ಒಂಥರಾ ಸರಸರ ಅನ್ನುತ್ತೆ ಕಣಮ್ಮ.”

“ಕಾರ್ಖಾನೇಲಿ? ಅಲ್ಲಿ ಡ್ರಮ್ ಸದ್ದಲ್ಲಿ ಕಿವೀನೇ ಕೇಳ್ಸಲ್ವಲ್ಲ!”

ಮಾವ ಸ್ವಲ್ಪ ನಾಚಿಕೊಂಡರು. ಡ್ರಮ್ಮಿನ ಎದುರು ಪ್ಯಾಕಿಂಗ್ ವಿಭಾಗವಿದೆ. ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಹೆಂಗಸರು ಅಲ್ಲಿ ತಲೆ ತಗ್ಗಿಸಿ ಪ್ಯಾಕೆಟ್ ಒತ್ತುತ್ತಿರುತ್ತಾರೆ. ಬೀಜ ಹದಕ್ಕೆ ಬಂದ ಗಳಿಗೆಯಲ್ಲಿ ಅವರು ತಮಗೇ ಗೊತ್ತಿಲ್ಲದೆ ತಲೆ ಎತ್ತುತ್ತಾರೆ. ಒಬ್ಬಳು ಎತ್ತಿದರೆ ಎಚ್ಚರ. ಮೂವರು ಎತ್ತಿದರೆ ಡ್ರಮ್ ಇಳಿಸುವುದು!

ಒಂದೂವರೆ ವರ್ಷದಿಂದ ಕಾರ್ಖಾನೆಯ ಪುಡಿ ಊರೂರಿಗೆ ಹೋಗುತ್ತಿದೆ, ಒಂದು ಪ್ಯಾಕೆಟ್ಟೂ ವಾಪಸ್ ಬಂದಿಲ್ಲ! ನನಗೆ ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

“ಓನರ್‌ಗೆ ನಿಜ ಹೇಳ್ಬಿಡಿ ಮಾವ. ಇದು ಮೋಸ.”

“ಹೇಳಿದ್ರೆ ಗೇಟ್‌ನಾಗೆ ವಾಚ್‌ಮನ್ ಟೋಪಿ ಹಾಕಿ ಕೂರುಸ್ತಾರೆ. ಒಳ್ಳೇವ್ರೇ, ಕೆಲಸ ತೆಗೆಯಲ್ಲ. ಆದ್ರೆ ಇಪ್ಪತ್ತಾರು ವರ್ಷ ಹುರಿದವನು ಗೇಟ್‌ನಾಗೆ ಕೂತು ಲಾರಿ ನಂಬರ್ ಬರ್ಕೋಬೇಕಾ? ಕೈ ಇನ್ನೂ ಹೋಗಿಲ್ಲ ಕಣಮ್ಮ ನಂಗೆ.” ಆಮೇಲೆ ದನಿ ತಗ್ಗಿಸಿ ತಾರಸಿಯ ಕಡೆ ನೋಡಿದರು. “ನಿಮ್ಮತ್ತೆಗೆ ಮಾತ್ರ ಹೇಳ್ಬೇಡ. ಅವಳು ದಿನಾ ಮಾಡಿ ಬಡಿಸೋದು ನಂಗೆ ಗೊತ್ತೇ ಆಗಲ್ಲ ಅಂದ್ರೆ, ಅವಳು ಯಾರಿಗೆ ಅಂತ ಒಗ್ಗರಣೆ ಹಾಕ್ಬೇಕು?”

ಇದಕ್ಕೆ ಯಾವ ಚರ್ಚಾಸ್ಪರ್ಧೆಯಲ್ಲಿ ಉತ್ತರ ಕಲಿಸುತ್ತಾರೆ? ನಾನು ಪಕ್ಷ ಬದಲಿಸಿದೆ. ಓನರ್ ಬಂದ ದಿನ ಪುಡಿ ಹದವಾಗಿದ್ದರೆ ನಾನು ಹುಬ್ಬು ಏರಿಸುವುದು, ಇಲ್ಲವಾದರೆ ಕೆಮ್ಮುವುದು ಎಂದು ಒಪ್ಪಂದವಾಯಿತು. ಸತ್ಯದ ಪರವಾಗಿ ಲೋಟ ಗೆದ್ದವಳು ನಾನು!

ಓನರ್ ಬಂದರು. ಉಂಡರು. ಮುದ್ದೆ ಮೂರು, ಸಾರು ಲೆಕ್ಕವಿಲ್ಲ. “ಅಬ್ಬಾ, ಮೇಸ್ತ್ರಿ! ನಮ್ಮವ್ವನ ಕೈ ಸಾರು ಕಣಯ್ಯಾ ಇದು” ಎಂದು ಬೆರಳು ನೆಕ್ಕಿದರು. ಇನ್ನೇನು ಗೆದ್ದೆವು ಎನ್ನುವಾಗ ಬ್ಯಾಗಿನಿಂದ ಎರಡು ಪೊಟ್ಟಣ ತೆಗೆದು ಎರಡು ತಟ್ಟೆಗೆ ಸುರಿದರು.

“ಇದು ಶುಕ್ರವಾರ ಹುರಿದದ್ದು, ಅದು ಶನಿವಾರದ್ದು. ಒಂದರಲ್ಲಿ ಹುರಿದದ್ದು ಕೂದಲೆಳೆಯಷ್ಟು ಜಾಸ್ತಿ ಆಗಿದೆ. ಯಾವುದು ಪ್ಯಾಕೆಟ್‌ಗೆ ಹಾಕೋಣ, ನೀನೇ ಹೇಳು.”

ಮಾವ ಮೊದಲ ತಟ್ಟೆಗೆ ಬಗ್ಗಿದರು. ಪುಡಿಯೇ ಒಳಗೆ ಹೋಗಿಬಿಡುತ್ತದೇನೋ ಎನ್ನುವಷ್ಟು ಉಸಿರೆಳೆದರು. ಎರಡನೆಯದಕ್ಕೂ ಬಗ್ಗಿದರು. ಆಮೇಲೆ ನಿಧಾನವಾಗಿ ತಲೆ ಎತ್ತಿ ನನ್ನ ಮುಖ ನೋಡಿದರು.

ನಾನು ಕೈ ಒರೆಸಿಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಎರಡನ್ನೂ ಮೂಸಿದೆ. ಎರಡೂ ಒಂದೇ! ಒಂದೇ ಘಮ, ಒಂದೇ ಬಣ್ಣ! ನನ್ನದು ಆರೋಗ್ಯವಂತ ಮೂಗು, ಇಪ್ಪತ್ತು ವರ್ಷದ್ದು, ಒಂದು ನೆಗಡಿಯೂ ಇಲ್ಲ. ಆದರೆ ಅದಕ್ಕೆ ಇದು ತಿಳಿಯಲೇ ಇಲ್ಲ! ಯಾವುದಕ್ಕೆ ಹುಬ್ಬು ಏರಿಸಲಿ, ಯಾವುದಕ್ಕೆ ಕೆಮ್ಮಲಿ? ಮಾವನ ಹಣೆಯಲ್ಲಿ ಬೆವರು ಮೂಡಿತು. ಓನರ್ ನಗು ಅರ್ಧಕ್ಕೆ ನಿಂತಿತು.

“ಏನಯ್ಯಾ, ಇಷ್ಟು ಹೊತ್ತು?”

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಒಂದು ಲೋಟ ನೀರು ತಂದರು. ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ, ಎರಡು ತಟ್ಟೆಗಳ ಮೇಲೆ ಒಮ್ಮೆ ಮೆಲ್ಲಗೆ ಉಸಿರೆಳೆದು, ಲೋಟವನ್ನು ಎಡಗಡೆಯ ತಟ್ಟೆಯ ಪಕ್ಕಕ್ಕೆ ಇಟ್ಟರು. ಸ್ವಲ್ಪ ಯೋಚಿಸಿ, ತಟ್ಟೆಗೆ ತಗಲುವಷ್ಟು ಹತ್ತಿರಕ್ಕೆ ಸರಿಸಿದರು. ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಮಾವ ಲೋಟವನ್ನು ಒಂದು ಕ್ಷಣ ನೋಡಿದರು. “ಎಡಗಡೇದು ಸಾರ್. ಶುಕ್ರವಾರದ್ದು” ಎಂದರು. ದನಿ ಮಾತ್ರ ಎಂದಿನಂತಿರಲಿಲ್ಲ.

ಓನರ್ ತೊಡೆ ತಟ್ಟಿಕೊಂಡು, “ಮೂಗು ಅಂದ್ರೆ ಇದು!” ಎಂದರು. ನೆಂಟರ ಕತೆಗೆ ಇನ್ನೊಂದು ಅಧ್ಯಾಯ ಸೇರಿತು.

ಓನರನ್ನು ಕಳಿಸಲು ಮಾವ ಬೀದಿಯ ತಿರುವಿನವರೆಗೆ ಹೋದರು. ನಾನು ಅಡುಗೆಮನೆಗೆ ಬಂದೆ. ಅತ್ತೆ ನನ್ನ ಕಡೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದರು. ಹುರುಳಿ ಕಟ್ಟಿನ ಕರಿ ಬಳಿದ ಪಾತ್ರೆ ಅದಾಗಲೇ ಫಳಫಳ ಎನ್ನುತ್ತಿತ್ತು, ಆದರೂ ತಿಕ್ಕುತ್ತಲೇ ಇದ್ದರು. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ನನ್ನ ಬಾಯಲ್ಲಿ ಹತ್ತು ಪ್ರಶ್ನೆಗಳಿದ್ದವು. ಅಂದು ಬಂದದ್ದು ಒಂದೇ.

“ಅತ್ತೆ, ಅಲ್ಲಿ ನೀರು ಕೇಳಿದ್ದು ಯಾರು?”