ಹುಬ್ಬೇರಿಸಿ ತರಿಸಿದ ಊಟ

ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಒಂದು ಊಟ ಹಾಕಿಸುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ತಿಳಿದಿದ್ದೆ. ದೋಹಾದ ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಕೂತು, ಎಷ್ಟೋ ದೇಶಗಳ ಸಪ್ಲಾಯರುಗಳಿಂದ ಸಿಮೆಂಟಿನಿಂದ ಹಿಡಿದು ಸ್ಕ್ರೂವಿನವರೆಗೆ ತರಿಸುವವನು ನಾನು. ಅಂಥವನಿಗೆ ಒಂದು ಟೇಬಲ್ಲಿಗೆ ಊಟ ತರಿಸಲು ಬಾರದೆ?

ಊಟ ಹಾಕಿಸಬೇಕಾಗಿದ್ದದ್ದು ಪಕ್ಕದ ಮನೆಯ ಲೋರ್ನಾಳಿಗೆ. ಆಗ ನಾವು ಅಲ್ ಥುಮಾಮಾದ ಒಂದು ಹಳೆಯ ವಿಲ್ಲಾದಲ್ಲಿದ್ದೆವು. ಮಾಲೀಕ ಅದರೊಳಗೆ ಅಲ್ಲಲ್ಲಿ ಪ್ಲೈವುಡ್ ಗೋಡೆ ಹೊಡೆಸಿ, ಇದ್ದ ಒಂದು ಮನೆಯನ್ನು ಹಲವು ಮನೆ ಮಾಡಿದ್ದ. ಗೋಡೆಯ ಆಚೆ ಬದಿಯಲ್ಲಿ ಲೋರ್ನಾಳ ಸಂಸಾರ. ಅವಳು ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ಗಂಡ ನೆಸ್ಟರ್ ಡ್ರಾಫ್ಟ್ಸ್‌ಮನ್, ಮಗಳು ಜಾಯ್ ಇನ್ನೂ ಸಣ್ಣ ಕ್ಲಾಸಿನಲ್ಲಿದ್ದಳು. ಫಿಲಿಪೀನ್ಸಿನವರು. ನಮ್ಮ ಒಗ್ಗರಣೆಗೆ ಅವರು ಸೀನುತ್ತಿದ್ದರು. ಅವರು ಒಣಮೀನು ಹುರಿದರೆ ನಮಗೆ ಊರು ನೆನಪಾಗುತ್ತಿತ್ತು. ಇದಿಷ್ಟೇ ನಮ್ಮ ಸಂಬಂಧವಾಗಿತ್ತು.

ಅತ್ತೆ ಬಂದ ಮೇಲೆ ಅದು ಬದಲಾಯಿತು. ನನ್ನ ಹೆಂಡತಿ ಸುಮತಿಯ ತಾಯಿ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಒಂದು ದಿನ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಅವರು ಹೊರಗೆ ಬಟ್ಟೆ ಒಣಗಿಸುತ್ತಾ ತಲೆ ಸುತ್ತಿ ಬಿದ್ದರು. ಲೋರ್ನಾ ಅವತ್ತು ಮನೆಯಲ್ಲಿದ್ದಳು. ಓಡಿ ಬಂದು ಶುಗರ್ ನೋಡಿ, ಬಾಯಿಗೆ ಜೇನು ಸವರಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನಮಗೆ ಫೋನ್ ಮಾಡಿದಳು. ನಾವು ಗಾಬರಿಯಿಂದ ಬಂದು ಮುಟ್ಟುವಾಗ ಅತ್ತೆ ಅವಳ ಸೋಫಾದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಲೋರ್ನಾ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು, ಅತ್ತೆ ತುಳುವಿನಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಯಾವ ತೊಂದರೆಯೂ ಇದ್ದಂತೆ ಕಾಣಲಿಲ್ಲ.

ಊರಿಗೆ ಹೊರಡುವ ದಿನ ಹತ್ತಿರವಾದಾಗ ಅತ್ತೆ ಹೇಳಿದರು, "ಅವಳಿಲ್ಲದಿದ್ದರೆ ನಾನು ವಿಮಾನದಲ್ಲಿ ಕೂತು ಹೋಗುವುದಲ್ಲ, ಪೆಟ್ಟಿಗೆಯಲ್ಲಿ ಮಲಗಿ ಹೋಗುವುದಿತ್ತು. ಅವಳಿಗೆ ಒಂದು ಊಟ ಹಾಕದೆ ನಾನು ಹೊರಡುವುದಿಲ್ಲ."

"ಮನೆಯಲ್ಲೇ ನೀರುದೋಸೆ, ಕೋಳಿಸಾರು ಮಾಡುವ" ಎಂದಳು ಸುಮತಿ.

"ಬೇಡ" ಎಂದೆ ನಾನು. "ನಮ್ಮ ಖಾರ ಅವರಿಗೆ ಆಗುವುದಿಲ್ಲ. ಅವರಿಗೆ ಅವರದ್ದೇ ಊಟ ಹಾಕಿಸಬೇಕು. ನಜ್ಮಾದಲ್ಲಿ ಒಂದು ಫಿಲಿಪಿನೋ ಹೋಟೆಲ್ ಉಂಟು. ಶುಕ್ರವಾರ ಹೇಗೂ ರಜೆ, ಅವರು ಚರ್ಚಿನಿಂದ ನೇರ ಅಲ್ಲಿಗೇ ಬರಲಿ. ನಾವು ಮೊದಲೇ ಹೋಗಿ ಎಲ್ಲ ಆರ್ಡರ್ ಮಾಡಿ ಇಡುವ. ಬಂದು ಕೂತ ಕೂಡಲೇ ಊಟ ಎದುರಿಗೆ ಇರಬೇಕು."

"ನಿಮಗೆ ಅವರ ಊಟದ್ದು ಎಂತ ಗೊತ್ತುಂಟು?"

"ನಮ್ಮ ಆಫೀಸಿನಲ್ಲಿ ಅರ್ಧ ಜನ ಅವರೇ. ನನಗೆ ಗೊತ್ತಿಲ್ಲದ್ದು ಎಂತ?"

ಗೊತ್ತಿದ್ದದ್ದು ಒಂದು ಶಬ್ದ, ಮಸರಾಪ್. ರುಚಿಯಾಗಿದೆ ಎಂದರ್ಥ. ಅದನ್ನು ನಾನು ಮೊಸರಪ್ಪ ಎಂದು ನೆನಪಿಟ್ಟುಕೊಂಡಿದ್ದೆ. ಈ ವಿಚಾರವನ್ನು ಹೆಂಡತಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

"ಅಮ್ಮ ಕೋಳಿ ತಿನ್ನುತ್ತಾರೆ, ಮೀನು ತಿನ್ನುತ್ತಾರೆ. ಬೀಫ್ ಮಾತ್ರ ಆಗದು. ಸರಿಯಾಗಿ ಕೇಳಿ ನೋಡಿ ತೆಗೆದುಕೊಳ್ಳಿ" ಎಂದು ಸುಮತಿ ಎಚ್ಚರಿಸಿದಳು. ಪರ್ಚೇಸ್ ವಿಭಾಗದವನಿಗೆ ಕೇಳಿ ನೋಡಿ ತೆಗೆದುಕೊಳ್ಳಲು ಹೇಳಿಕೊಡುವುದೆಂದರೆ ಏನು ಹೇಳುವುದು.

ಶುಕ್ರವಾರ ಹೋಟೆಲ್ ತುಂಬಿತ್ತು. ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಇಡೀ ಇಡೀ ಸಂಸಾರಗಳು ಟೇಬಲ್ಲುಗಳನ್ನು ಜೋಡಿಸಿಕೊಂಡು ಉಣ್ಣುತ್ತಿದ್ದವು. ಒಂದು ಮೂಲೆಯಲ್ಲಿ ಯಾರೋ ಮೈಕ್ ಹಿಡಿದು ಹಾಡುತ್ತಿದ್ದರು. ಅತ್ತೆ, ಸುಮತಿ ಖಾಲಿ ಟೇಬಲ್ ಹಿಡಿದು ಕೂತರು. ನಾನು ಕೌಂಟರಿಗೆ ಹೋದೆ. ಅಲ್ಲಿ ಗಾಜಿನ ಹಿಂದೆ ಉದ್ದಕ್ಕೆ ಟ್ರೇಗಳು. ನಾವು ಬೆರಳು ಮಾಡಿ ತೋರಿಸಬೇಕು, ಕೆಂಪು ಏಪ್ರನ್ ಹಾಕಿದ ಹುಡುಗಿ ಒಳಗೆ ಕೂಗಿ ಹೇಳುತ್ತಾಳೆ, ಊಟ ಟೇಬಲ್ಲಿಗೆ ಬರುತ್ತದೆ. ಇದಕ್ಕಿಂತ ಸುಲಭವಾದ ಪದ್ಧತಿ ಭೂಮಿಯ ಮೇಲಿಲ್ಲ.

ಮೊದಲನೆಯ ಟ್ರೇ ತೋರಿಸಿ ಕೇಳಿದೆ, "ಚಿಕನ್?"

ಹುಡುಗಿ ಮಾತಾಡಲಿಲ್ಲ. ಹುಬ್ಬುಗಳನ್ನು ಮೇಲಕ್ಕೆ ಏರಿಸಿದಳು. ನಮ್ಮ ಕಡೆ ಹಾಗೆ ಮಾಡಿದರೆ 'ಎಂತ ಹೇಳಿದ್ದು?' ಎಂದರ್ಥ. ಮೈಕಿನ ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲವೆಂದು ಗಟ್ಟಿಯಾಗಿ ಕೇಳಿದೆ, "ಚಿಕನ್?" ಹುಬ್ಬು ಮತ್ತೆ ಏರಿತು. ಇಂಗ್ಲಿಷ್ ಬಾರದೇನೋ ಎಂದುಕೊಂಡು ಎರಡೂ ಮೊಣಕೈಗಳನ್ನು ರೆಕ್ಕೆಯಂತೆ ಬಡಿದು ತೋರಿಸಿದೆ. ಹುಬ್ಬು ಇನ್ನೂ ಮೇಲೆ ಹೋಯಿತು, ಜೊತೆಗೆ ನಗುವೂ ಬಂತು. ಹಿಂದೆ ಸಾಲಿನಲ್ಲಿದ್ದವರೂ ನಕ್ಕರು. ನಾನು ಮುಂದಿನ ಟ್ರೇಗೆ ಹೋದೆ.

ಅದರಲ್ಲಿ ದಪ್ಪಗಿನ, ಹಳದಿ ಮಿಶ್ರಿತ ಕಂದು ಬಣ್ಣದ ಗಸಿ. ನೆಲಗಡಲೆ ಅರೆದು ಹಾಕಿದ ಪರಿಮಳ. ನೋಡಿದರೆ ನಮ್ಮ ಮದುವೆಮನೆಯ ಕೋಳಿಗಸಿಯ ತಮ್ಮನ ಹಾಗಿತ್ತು. ಆದರೂ ಹೆಂಡತಿಯ ಮಾತು ನೆನಪಿತ್ತು. ತಲೆಯ ಮೇಲೆ ಎರಡು ಬೆರಳಿನ ಕೊಂಬು ಇಟ್ಟು ಕೇಳಿದೆ, "ಬೀಫ್?"

ಈ ಸಲ ಹುಬ್ಬು ಎರಡೆರಡು ಸಲ ಹಾರಿತು. ಅಷ್ಟು ಆಶ್ಚರ್ಯಪಟ್ಟಳೆಂದರೆ ಇದು ಬೀಫ್ ಅಲ್ಲವೇ ಅಲ್ಲ ಎಂದು ತೀರ್ಮಾನಿಸಿದೆ. ಕೋಳಿಯನ್ನು ಕೇಳಿದಾಗಲೂ ಅವಳು ಅಷ್ಟೇ ಆಶ್ಚರ್ಯಪಟ್ಟಿದ್ದಳು ಎಂಬುದು ಹೊಳೆಯಲಿಲ್ಲ. ದೊಡ್ಡ ಪಾತ್ರೆಯನ್ನೇ ತೋರಿಸಿ, "ದಿಸ್ ಒನ್. ಮೊಸರಪ್ಪ" ಎಂದೆ.

ಮುಂದೆ ಒಂದು ಟ್ರೇಯಲ್ಲಿ ಕೋಳಿಯ ಕಾಲುಗಳು ಉಗುರು ಸಮೇತ ಕೂತಿದ್ದವು. ಆ ದೃಶ್ಯಕ್ಕೆ ನನ್ನ ಹುಬ್ಬು ತಾನಾಗಿ ಏರಿತು. ಹುಡುಗಿ ಒಳಗೆ ಏನೋ ಕೂಗಿದಳು. ಪಕ್ಕದಲ್ಲಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ ಒಂದು ಭಾರಿ ಮೀನಿನ ತಲೆ. ಹುಬ್ಬು ಮತ್ತೆ ಏರಿತು. ಅವಳು ಮತ್ತೆ ಕೂಗಿದಳು. ಹಾಗಲಕಾಯಿಯನ್ನು ಮೊಟ್ಟೆಯ ಜೊತೆ ಹುರಿದದ್ದು ನೋಡಿ ಇದೇನು ವಿಚಿತ್ರ ಎಂದು ಹುಬ್ಬೇರಿಸಿದೆ. ಅದಕ್ಕೂ ಕೂಗಿದಳು. ಕೊನೆಗೆ "ನೂಡಲ್ಸ್?" ಎಂದು ಅವಳೇ ಕೇಳಿದಳು. ನಾನು ಬೇಕು ಎಂದು, ನಾವೆಲ್ಲ ಮಾಡುವಂತೆ, ಭುಜದಿಂದ ಭುಜಕ್ಕೆ ಚೆನ್ನಾಗಿ ತಲೆ ಅಲ್ಲಾಡಿಸಿದೆ. "ರೈಸ್?" ಎಂದಳು. ಅದು ಬೇಕೇ ಬೇಕಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಓಕೆ ಸರ್" ಎಂದಳು.

ಕೆಲಸ ಖಲಾಸ್ ಎಂದು ತಿರುಗುವಷ್ಟರಲ್ಲಿ ಸುಮತಿ ಟೇಬಲ್ಲಿನಿಂದ ಕೇಳಿದಳು, "ಅಮ್ಮನಿಗೆ ಕೈ ತೊಳೆಯಬೇಕಂತೆ. ಎಲ್ಲಿ ಎಂದು ಕೇಳಿ."

ಕೇಳಿದೆ. ಹುಡುಗಿಯ ಎರಡೂ ಕೈಯಲ್ಲಿ ತಟ್ಟೆಗಳಿದ್ದವು. ಅವಳು ನನ್ನನ್ನೇ ನೋಡಿ ತುಟಿಗಳನ್ನು ಮುಂದಕ್ಕೆ ಚಾಚಿ ಒಂದು ಮುತ್ತಿನ ಆಕಾರ ಮಾಡಿದಳು.

ನಾನು ಮರ್ಯಾದಸ್ಥ. ನೆಲ ನೋಡಿದೆ. ಆಮೇಲೆ, ತಪ್ಪಾಗಿ ಕಂಡಿರಬಹುದೆಂದು, ನಿಧಾನವಾಗಿ ಇನ್ನೊಮ್ಮೆ ಕೇಳಿದೆ, "ಹ್ಯಾಂಡ್ ವಾಶ್?" ಅವಳು ಇನ್ನೂ ಸ್ಪಷ್ಟವಾಗಿ, ಗಲ್ಲವನ್ನೂ ಸ್ವಲ್ಪ ಎತ್ತಿ, ತುಟಿ ಚಾಚಿದಳು. ಹೋಟೆಲಿನ ಗಲಾಟೆ ಆ ಕ್ಷಣಕ್ಕೇ ಯಾಕೆ ನಿಂತಿತೋ ಗೊತ್ತಿಲ್ಲ. ಹಾಡುವವನು ಉಸಿರು ತೆಗೆದುಕೊಳ್ಳುತ್ತಿದ್ದನೆಂದು ಕಾಣುತ್ತದೆ.

ಟೇಬಲ್ಲಿಗೆ ಬಂದಾಗ ಅತ್ತೆ ಮಗಳನ್ನು ಕೇಳುತ್ತಿದ್ದರು, "ಆ ಹುಡುಗಿ ಇವರಿಗೆ ಪರಿಚಯದವಳಾ?"

"ಅವರನ್ನೇ ಕೇಳಿ" ಎಂದಳು ಸುಮತಿ.

"ಪರಿಚಯ ಇಲ್ಲ" ಎಂದೆ.

"ಇಲ್ಲದೆ ಇಷ್ಟಾ?" ಎಂದಳು ಸುಮತಿ. ಪೇಪರ್ ನ್ಯಾಪ್‌ಕಿನ್ನುಗಳನ್ನು ಮಡಚುತ್ತಾ ಕೂತಳು. ಮಡಚುವ ರೀತಿ ಒಳ್ಳೆಯದಿರಲಿಲ್ಲ.

ಅಷ್ಟರಲ್ಲಿ ಲೋರ್ನಾಳ ಸಂಸಾರ ಬಂತು. ಲೋರ್ನಾ ಹೂವಿನ ಫ್ರಾಕು, ನೆಸ್ಟರ್ ಇಸ್ತ್ರಿ ಮಾಡಿದ ಬಿಳಿ ಅಂಗಿ. ಜಾಯ್ ಬಂದವಳೇ ಅತ್ತೆಯ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು. ಹಿರಿಯರಿಗೆ ಅವರು ನಮಸ್ಕಾರ ಮಾಡುವುದು ಹಾಗೆ. ಅತ್ತೆಯ ಕಣ್ಣು ತುಂಬಿತು. ನಾನು ಗಂಟಲು ಸರಿಮಾಡಿಕೊಂಡು, "ಇವತ್ತು ನೀವು ನಮ್ಮ ಅತಿಥಿಗಳು. ಎಲ್ಲ ಆರ್ಡರ್ ಮಾಡಿ ಆಗಿದೆ" ಎಂದು ಇಂಗ್ಲಿಷಿನಲ್ಲಿ ಘೋಷಿಸಿದೆ.

ಊಟ ಬಂತು. ಕೋಳಿ ಕಾಲು ಒಂದು ಗುಡ್ಡೆ. ಮೀನಿನ ತಲೆ. ಹಾಗಲಕಾಯಿ. ನಡುವೆ ದೊಡ್ಡ ಪಾತ್ರೆಯಲ್ಲಿ ಗಸಿ. ಅಷ್ಟೇ. ಕೋಳಿಯ ಉಳಿದ ಭಾಗ ಬರಲಿಲ್ಲ. ಅನ್ನ ಬರಲೇ ಇಲ್ಲ.

ಅನ್ನವಿಲ್ಲದ ಟೇಬಲ್ಲನ್ನು ಅವರ ಮನೆಯವರೂ ನಮ್ಮ ಮನೆಯವರೂ ಒಂದೇ ಮುಖಭಾವದಿಂದ ನೋಡಿದರು. ನೆಸ್ಟರ್ ತುಂಬ ಸಭ್ಯನಾದ ಮನುಷ್ಯ. "ಡಯಟ್ ಇರಬೇಕು. ವೆರಿ ಗುಡ್" ಎಂದ.

ಅತ್ತೆಗೆ ಮಾತ್ರ ಸಂಭ್ರಮ. "ಗಸಿ ಒಳ್ಳೆ ಬಣ್ಣ ಬಂದಿದೆ" ಎನ್ನುತ್ತಾ ಸೌಟು ತುಂಬಿ ತಟ್ಟೆಗೆ ಹಾಕಲು ಹೊರಟರು. ಲೋರ್ನಾ ಪಾತ್ರೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ನಮ್ಮ ಮನೆಯಲ್ಲಿ ಏನು ಬೇಯುತ್ತದೆ, ಏನು ಬೇಯುವುದಿಲ್ಲ ಎಂಬುದು ಪ್ಲೈವುಡ್ ಗೋಡೆಯ ದಯೆಯಿಂದ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಾನಾಯ್, ನೋ!" ಎಂದು ಅಡ್ಡ ಕೈ ಹಾಕಿದಳು. ನಾನಾಯ್ ಎಂದರೆ ಅಮ್ಮ. ಕೈಗೆ ಕೈ ತಾಗಿ ಸೌಟು ಹಾರಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ದಾಟಿಕೊಂಡು ನೇರವಾಗಿ ಬಂದು ನನ್ನ ಮಡಿಲಲ್ಲಿ ಬಿತ್ತು.

"ಅದು ಬೀಫ್" ಎಂದಳು ಲೋರ್ನಾ.

"ಸಾಧ್ಯವಿಲ್ಲ. ನಾನು ಕೊಂಬು ಮಾಡಿ ಕೇಳಿದ್ದೇನೆ. ಅವಳು ಅಲ್ಲ ಎಂದಳು."

ಲೋರ್ನಾ ಹುಡುಗಿಯನ್ನು ಕರೆದಳು. ಅವರ ಭಾಷೆಯಲ್ಲಿ ಮಾತಾಯಿತು. ಹುಡುಗಿ ಕಣ್ಣಗಲಿಸಿ, "ನಾನು ಎಸ್ ಎಂದೆ ಸರ್" ಎಂದು ಹುಬ್ಬು ಏರಿಸಿ ತೋರಿಸಿದಳು. ಆಮೇಲೆ ನಾನು ಕೋಳಿ ಮಾಡಿದ್ದು, ದನ ಮಾಡಿದ್ದು ಎಲ್ಲವನ್ನೂ ಕೈಯಲ್ಲಿ ಅಭಿನಯಿಸಿದಳು. ಅವಳ ಕೋಳಿ ನನ್ನದಕ್ಕಿಂತ ಚೆನ್ನಾಗಿತ್ತು.

ನೆಸ್ಟರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾ ವಿವರಿಸಿದ. ಅವರಲ್ಲಿ ಹುಬ್ಬು ಏರಿಸಿದರೆ ಹೌದು, ಬೇಕು. ನಮ್ಮ ತಲೆ ಅಲ್ಲಾಡಿಸುವಿಕೆ ಅವರಿಗೆ 'ಬೇಡ' ಎಂದಂತೆ ಕಾಣುತ್ತದೆ. ಹೀಗಾಗಿ ನಾನು ಹೆದರಿದ್ದೆಲ್ಲ ಟೇಬಲ್ಲಿಗೆ ಬಂದಿತ್ತು, ಬಯಸಿದ್ದೆಲ್ಲ ಅಡಿಗೆಮನೆಯಲ್ಲಿ ಉಳಿದಿತ್ತು.

"ಮತ್ತೆ ತುಟಿ?" ಎಂದು ಸುಮತಿ ಕೇಳಿದಳು. ನ್ಯಾಪ್‌ಕಿನ್ ಮಡಚುವುದು ನಿಂತಿತ್ತು.

ಲೋರ್ನಾ ತುಟಿಯನ್ನು ಚಾಚಿ ಬಾಗಿಲಿನ ಕಡೆ ತೋರಿಸಿದಳು. "ಅದು ಬೆರಳಿನ ಬದಲು. ಅಲ್ಲಿ, ಎಂದು ಹೇಳುವುದು." ನಾವೆಲ್ಲ ತಿರುಗಿ ನೋಡಿದೆವು. ಹುಡುಗಿ ತೋರಿಸಿದ್ದ ದಿಕ್ಕಿನಲ್ಲಿ, ಆಗ ಕೌಂಟರಿನ ಎದುರು ನಿಂತಿದ್ದ ನನ್ನ ಬೆನ್ನ ಹಿಂದೆಯೇ, ವಾಶ್ ಬೇಸಿನ್ ಇತ್ತು.

"ಇಷ್ಟು ವರ್ಷ ಆಫೀಸಿನಲ್ಲಿ ಅವರ ಜೊತೆ ಕೂತು ನೀವು ಎಂತ ನೋಡಿದ್ದು?" ಎಂದಳು ಸುಮತಿ.

ನಾನು ಅವರ ಇಮೇಲುಗಳನ್ನು ನೋಡಿದ್ದೆ. ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಳುವಾಗಲೂ ಕಣ್ಣು ಸ್ಕ್ರೀನಿನ ಮೇಲೇ ಇರುತ್ತಿತ್ತು. ಎಷ್ಟು ಜನ ನನಗೆ ಹುಬ್ಬಿನಲ್ಲಿ ಹೌದು ಎಂದಿದ್ದರೋ, ನಾನು ಅವರಿಗೆಲ್ಲ 'ಕೇಳಿಸಲಿಲ್ಲವಾ?' ಎಂದು ಮತ್ತೆ ಮೇಲ್ ಕಳಿಸಿದ್ದೆನೋ.

"ಕೂಯಾ, ನೀವು ಕೂತುಕೊಳ್ಳಿ" ಎಂದ ನೆಸ್ಟರ್. ಅಣ್ಣ ಎನ್ನುವಂತೆ ಅವನು ನನ್ನನ್ನು ಹಾಗೆ ಕರೆಯುತ್ತಿದ್ದ. ಗಸಿಯ ಪಾತ್ರೆಯನ್ನು ತಾವೇ ಮನೆಗೆ ಒಯ್ಯುವುದೆಂದು ಕಟ್ಟಿಸಿಟ್ಟು, ಎದ್ದು ಕೌಂಟರಿನ ಹತ್ತಿರ ನಿಂತ. ಬಾಯಿ ತೆರೆದದ್ದನ್ನು ನಾನು ಕಾಣಲಿಲ್ಲ. ಎರಡು ಸಲ ತುಟಿ, ನಾಲ್ಕೈದು ಸಲ ಹುಬ್ಬು. ಸ್ವಲ್ಪ ಹೊತ್ತಿಗೆ ಅನ್ನ ಬಂತು, ನೂಡಲ್ಸ್ ಬಂತು, ಕೋಳಿ ಪೂರ್ತಿಯಾಗಿ ಬಂತು. ಹುಣಸೆಹುಳಿ ಹಾಕಿದ ಮೀನಿನ ಸಾರು ಬಂತು. ಅತ್ತೆ ಅದನ್ನು ಅನ್ನಕ್ಕೆ ಕಲಸಿ ಒಂದು ತುತ್ತು ಉಂಡು ಹೇಳಿದರು, "ಇದು ನಮ್ಮದೇ. ಮೆಣಸು ಹಾಕಲು ಮರೆತಿದ್ದಾರೆ ಅಷ್ಟೇ."

ಜಾಯ್ ಅತ್ತೆಗೆ ಹುಬ್ಬು ಏರಿಸುವುದನ್ನು ಕಲಿಸಿದಳು. ಅವರು ಒಂದೇ ಸಲಕ್ಕೆ ಕಲಿತರು. ಆಮೇಲೆ ಲೋರ್ನಾ ಏನು ಬಡಿಸಲು ಬಂದರೂ ಅತ್ತೆ ಹುಬ್ಬು ಏರಿಸುತ್ತಿದ್ದರು. ಕೊನೆಗೆ ಎತ್ತರದ ಗ್ಲಾಸಿನಲ್ಲಿ ಪುಡಿ ಮಾಡಿದ ಐಸಿನ ಕೆಳಗೆ ಬೇಯಿಸಿದ ಕಾಳು, ಹಲಸಿನ ತೊಳೆ, ಮೇಲೆ ನೇರಳೆ ಬಣ್ಣದ ಗೆಣಸಿನ ಐಸ್‌ಕ್ರೀಮು ಬಂತು. ಪಾಯಸಕ್ಕೆ ಚಳಿ ಹಿಡಿದ ಹಾಗಿದೆ ಎಂದರು. ಆದರೆ ಜಾಯ್‌ಳ ಪಾಲನ್ನೂ ಅರ್ಧ ತಿಂದರು. ಶುಗರಿನ ಲೆಕ್ಕ ಲೋರ್ನಾ ನೋಡಿಕೊಂಡಳು.

ನಾನು ಪ್ಯಾಂಟಿನ ಗಸಿ ತೊಳೆಯಲು ಎದ್ದು ಟಾಯ್ಲೆಟ್ಟಿಗೆ ಹೋದೆ. ತೊಳೆದಷ್ಟೂ ಅದು ಹರಡಿತು. ಕೊನೆಗೆ ಕೈ ಒಣಗಿಸುವ ಬಿಸಿಗಾಳಿ ಯಂತ್ರದ ಕೆಳಗೆ ಸೊಂಟ ಒಡ್ಡಿ ನಿಂತೆ. ಒಳಗೆ ಬಂದವರೊಬ್ಬರು ಏನನ್ನೂ ಕೇಳದೆ ಹಿಂದೆ ಹೋದರು. ನಾನು ಹೊರಗೆ ಬರುವಷ್ಟರಲ್ಲಿ ನೆಸ್ಟರ್ ಬಿಲ್ ಕೊಟ್ಟು ಮುಗಿಸಿದ್ದ.

"ಇದು ಆಗುವುದಿಲ್ಲ. ನಾವು ಕರೆದದ್ದು" ಎಂದೆ.

"ನಾನಾಯ್ ನಮ್ಮವರ ಹೋಟೆಲಿಗೆ ಬಂದಿದ್ದಾರೆ. ನಾವೇ ಕೊಡಬೇಕು" ಎಂದ ಅವನು. ಒದ್ದೆ ಪ್ಯಾಂಟಿನಲ್ಲಿ ನಿಂತು ಹೆಚ್ಚು ವಾದಿಸಲು ಬರುವುದಿಲ್ಲ.

ಅತ್ತೆ ಊರಿಗೆ ಹೋದರು. ಮುಂದಿನ ಶುಕ್ರವಾರ ಸುಮತಿ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಆಚೆ ಬದಿಯಲ್ಲಿ ಅತ್ತೆಯನ್ನು ನೋಡಲು ನೆರೆಮನೆಯವರು ಬಂದು ಕೂತಿದ್ದರು. ಅತ್ತೆ ಫೋನ್ ಹಿಡಿದುಕೊಂಡೇ ಅವರಿಗೆ ದೋಹಾದ ವಿಷಯ ಹೇಳುತ್ತಿದ್ದರು.

"ಲೋರ್ನಾ ಎಂದರೆ ಚಿನ್ನದಂಥ ಹೆಂಗಸು. ಜೀವ ಉಳಿಸಿದ್ದು ಸಾಲದು ಎಂದು, ಹೊರಡುವ ಮೊದಲು ನಮಗೆಲ್ಲ ಹೋಟೆಲಿನಲ್ಲಿ ಊಟ ಹಾಕಿಸಿದಳು."

"ಅಳಿಯ ಬಂದಿರಲಿಲ್ಲವಾ?" ಎಂದು ಯಾರೋ ಕೇಳಿದರು.

"ಬಂದಿದ್ದರಪ್ಪ. ಪಾಪ, ಅವರಿಗೂ ಹಾಕಿದಳು."