ಮಾವನ ಕಾರಿನ ಕರೆಂಟು ಮೆಟ್ಟಿಲು

ಮಂಚ ಮನೆಗೆ ಬರುವ ಮೊದಲೇ ಮಂಚದಿಂದ ಬಿದ್ದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಕೊಳ್ಳೇಗಾಲದಲ್ಲಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಬಿದ್ದದ್ದರಿಂದ ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಮಂಚವೇ ಇರಲಿಲ್ಲವಲ್ಲ!

ಮಾವ ಜೀವಮಾನವಿಡೀ ಊರೂರು ತಿರುಗಿ ಜಮೀನು ಅಳೆದು ನಿವೃತ್ತರಾದ ಸರ್ವೇಯರು. ಕೆಲಸ ಬಿಟ್ಟರೂ ಟೇಪು ಅವರನ್ನು ಬಿಡಲಿಲ್ಲ. ಯಾವ ವಸ್ತುವನ್ನೇ ಆಗಲಿ, ಕೊಳ್ಳುವ ಮುಂಚೆ ಅದು ಇದ್ದ ಹಾಗೆಯೇ ಕೆಲವು ದಿನ ಬದುಕಿ ನೋಡಬೇಕು ಎನ್ನುವುದು ಅವರ ಪದ್ಧತಿ. ಮಂಚಕ್ಕೆ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಮಂಚದ ಅಳತೆಗೆ ಗೆರೆ ಎಳೆದರು. ಗೋಡೆಗೆ ಚೆಕ್ಕುಬಂದಿ ಬರೆದು ಅಂಟಿಸಿದರು: ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ಬೀರು, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಹೆಂಡತಿಯ ಹೊಲಿಗೆ ಮಿಷನ್ನು. ಆ ಗೆರೆಯೊಳಗೆ ಒಂದು ವಾರ ಮಲಗಿದರು. ಮೂರನೇ ದಿನ ಬೆಳಿಗ್ಗೆ ಅತ್ತೆ ಕಾಫಿ ತಂದಾಗ ಮಾವ ಗೆರೆಯ ಆಚೆ ಮಲಗಿದ್ದರು.

"ಏನ್ರೀ ಇದು?" ಅಂದರು ಅತ್ತೆ.

"ಬಿದ್ದೋದೆ ಕಣೆ. ಇನ್ನೊಂದು ಅಡಿ ಅಗಲ ಬೇಕು," ಅಂದರು ಮಾವ.

ಇಂಥ ಮಾವ ಹಳೆಯ ಕಾರು ಮಾರಿ ಎತ್ತರದ ಎಸ್‌ಯುವಿ ಕೊಳ್ಳುವುದೆಂದರೆ ಸುಮ್ಮನೆ ಮಾತೇ? ಮೊದಲು ಒಂದು ವಾರ ಊಟದ ಮೇಜಿನ ಮೇಲೆ ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತು ಪೇಪರು ಓದಿದರು, ಅಷ್ಟೆತ್ತರದಲ್ಲಿ ಕೂತರೆ ತಲೆ ಸುತ್ತುತ್ತದೆಯೋ ಎಂದು ನೋಡಲು! ಮನೆಯವರು ಒಲೆಯ ಪಕ್ಕ ನಿಂತುಕೊಂಡೇ ಉಂಡರು. ತಲೆ ಸುತ್ತಲಿಲ್ಲ, ಕಾರು ಬಂತು. ಮಾದಪ್ಪನ ಬೆಟ್ಟದ ತಿರುವುಗಳಲ್ಲಿ, ಹನೂರಿನ ಆಚೆಯ ಕಲ್ಲುದಾರಿಯಲ್ಲಿ ಅದು ನಿಜಕ್ಕೂ ಆನೆಯಂತೆ ನಡೆಯಿತು. ಎಲ್ಲವನ್ನೂ ಅಳೆದಿದ್ದ ಮಾವ ಒಂದನ್ನು ಮಾತ್ರ ಮರೆತಿದ್ದರು. ಅದು ಅವರ ಅಕ್ಕನ ಮೊಣಕಾಲು.

ಆ ಅಕ್ಕನೇ ನನ್ನ ಅಮ್ಮ. ಯಳಂದೂರಿನ ಪಕ್ಕ ಅಗರದಲ್ಲಿ ನಮ್ಮ ಮನೆ. ಅಮ್ಮ ಕುಳ್ಳು, ಮೊಣಕಾಲು ಈಗೀಗ ಅವಳ ಮಾತು ಕೇಳುವುದಿಲ್ಲ. ತಿಂಗಳಿಗೊಮ್ಮೆ ಮಾವ ಬಂದು ಅವಳನ್ನು ಅಜ್ಜೀಪುರಕ್ಕೆ, ಅವರಿಬ್ಬರ ತಂಗಿಯ ಮನೆಗೆ ಕರೆದೊಯ್ಯುವುದು ಎಷ್ಟೋ ವರ್ಷಗಳ ರೂಢಿ. ಚಿಕ್ಕಮ್ಮ ಸೊಂಟಕ್ಕೆ ಪೆಟ್ಟಾಗಿ ಹಾಸಿಗೆ ಹಿಡಿದ ಮೇಲಂತೂ ಅಮ್ಮ ಹೋಗಿ ತಂಗಿಯ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿ ಬರುತ್ತಿದ್ದಳು. ಹೊಸ ಕಾರು ಬಂದ ದಿನ ಅಮ್ಮ ಒಂದು ಕಾಲೆತ್ತಿದಳು, ಆಗಲಿಲ್ಲ. ಇನ್ನೊಂದು ಕಾಲೆತ್ತಿದಳು, ಅದೂ ಆಗಲಿಲ್ಲ. ನಾನೂ ಮಾವನೂ ಆಚೆ ಈಚೆ ಹಿಡಿದು ಎತ್ತಿ ಒಳಗೆ ಕೂರಿಸಿದೆವು. ಬೀದಿಯವರು ನೋಡಿದರು. ಒಬ್ಬಿಬ್ಬರು ನಕ್ಕರು.

ಸಂಜೆ ವಾಪಸು ಬಂದು ಇಳಿದವಳೇ ಅಮ್ಮ ಹೇಳಿದಳು: "ಭತ್ತದ ಮೂಟೆ ಎತ್ತಾಕ್ದಂಗೆ ಎತ್ತಾಕುದ್ರಲ್ಲ! ಇನ್ನು ನನ್ ಕಾಲಲ್ಲಿ ನಾನು ಹತ್ತಂಗಾದ್ರೆ ಬತ್ತೀನಿ. ಇಲ್ದೋದ್ರೆ ಈ ಗಾಡಿ ಸವಾಸ ಬ್ಯಾಡ ಕಣಪ್ಪ."

ಅಮ್ಮ ಹೇಳಿದ ಮೇಲೆ ಮುಗಿಯಿತು. ಬಸ್ಸಿನ ಮೆಟ್ಟಿಲು ಇನ್ನೂ ಎತ್ತರ. ಬಾಡಿಗೆ ಕಾರು ಮಾಡುತ್ತೇನೆಂದರೆ, ತಮ್ಮನ ಮನೆಯಲ್ಲಿ ಕಾರಿಟ್ಟುಕೊಂಡು ಬಾಡಿಗೆಯದರಲ್ಲಿ ಹೋದರೆ ಅವನ ಮರ್ಯಾದೆ ಏನಾಗಬೇಕು ಎಂದು ನನಗೇ ಬೈದಳು. ಅಕ್ಕ ಅಗರದಲ್ಲಿ, ತಂಗಿ ಅಜ್ಜೀಪುರದಲ್ಲಿ. ಮೊಬೈಲಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಮೊಬೈಲಿನಲ್ಲಿ ತಲೆ ಬಾಚಲು ಬರುತ್ತದೆಯೇ?

ಮಾವ ಸುಮ್ಮನೆ ಕೂರುವವರೇ ಅಲ್ಲ. ಮೊದಲು ಪ್ಲಾಸ್ಟಿಕ್ ಸ್ಟೂಲು ತಂದರು. ಮೊದಲು ತಮ್ಮ ಮೇಲೇ ಪ್ರಯೋಗ. ಸ್ಟೂಲು ಇಳಿಸುವುದು, ಹತ್ತುವುದು, ಕೂರುವುದು. ಕಷ್ಟ ಎಲ್ಲಿ ಗೊತ್ತೇ? ಹತ್ತಿ ಕೂತ ಮೇಲೆ ಸ್ಟೂಲು ಹೊರಗೇ ಉಳಿಯುತ್ತದೆ! ಯಳಂದೂರಿನಲ್ಲೊಂದು, ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು, ಹನೂರಿನಲ್ಲೊಂದು ಸ್ಟೂಲು ಬಿಟ್ಟು ಬಂದರು. ತಿಂಗಳ ಮೇಲೆ ಹನೂರಿನ ಹೋಟೆಲೊಂದರಲ್ಲಿ ಟೀ ಕುಡಿಯಲು ಕೂತವರು ತಟ್ಟನೆ ಎದ್ದು, ತಾವು ಕೂತಿದ್ದ ಸ್ಟೂಲನ್ನೇ ಬೋರಲು ಹಾಕಿ ನೋಡಿದರು. ಅಡಿಯಲ್ಲಿ ಅವರದೇ ಕೈಬರಹದಲ್ಲಿ ಉದ್ದ, ಅಗಲ, ಎತ್ತರ!

"ಇದು ನಂದು ಕಣಯ್ಯ," ಅಂದರು.

"ನಿಮ್ದೇ ಇರ್ಲಿ ಸಾ. ಟೀ ಬುಡ್ಲಾ, ಬ್ಯಾಡ್ವಾ?" ಅಂದ ಹೋಟೆಲಿನವನು.

ಆಮೇಲೆ ಕಾರಿಗೆ ಸದಾ ಅಂಟಿಕೊಂಡಿರುವ ಕಬ್ಬಿಣದ ಫುಟ್‌ಬೋರ್ಡಿನ ವಿಚಾರ ಬಂತು. ಅಮ್ಮನಿಗೆ ಎಟುಕುವಷ್ಟು ತಗ್ಗಿಸಿದರೆ ಅಜ್ಜೀಪುರದ ದಾರಿಯ ಕಲ್ಲಿಗೆ ಉಜ್ಜುತ್ತದೆ. ಕಲ್ಲಿಗೆ ತಾಗದಷ್ಟು ಎತ್ತರಿಸಿದರೆ ಅಮ್ಮನಿಗೆ ಎಟುಕುವುದಿಲ್ಲ. ಆಗಲೇ ಮೈಸೂರಿನ ಅಂಗಡಿಯೊಂದರಲ್ಲಿ ಕರೆಂಟು ಮೆಟ್ಟಿಲು ಸಿಗುವ ಸುದ್ದಿ ಬಂದದ್ದು. ಬಾಗಿಲು ತೆಗೆದರೆ ತಾನೇ ಹೊರಗೆ ಬಂದು ಕೆಳಗಿಳಿಯುತ್ತದೆ, ಮುಚ್ಚಿದರೆ ತಾನೇ ಒಳಗೆ ಸೇರಿಕೊಳ್ಳುತ್ತದೆ. ಬೇರೆಯವರಾಗಿದ್ದರೆ ಅಂದೇ ಹಾಕಿಸುತ್ತಿದ್ದರು. ಮಾವ ಫೋನು ಹಿಡಿದರು.

"ಬಾಗ್ಲು ತಗುದಾಗ ಅಲ್ಲೊಂದು ನಾಯಿ ಮನಗಿದ್ರೆ?"

"ಏನಾದ್ರೂ ತಗುಲಿದ್ರೆ ಮೆಟ್ಟಿಲು ನಿಂತ್ಕೊಳ್ಳುತ್ತೆ ಸಾರ್."

"ನಾಯಿ ಏಳ್ದೇ ಇದ್ರೆ?"

"ನಾಯೀನ ಎಬ್ಬಿಸ್ಬೇಕು ಸಾರ್!"

"ಗದ್ದೆ ಕೆಸರು ಮೆತ್ಕಂಡು ಒಳೀಕೆ ಓಗ್ದೇ ನಿಂತ್ರೆ?"

ಆ ಕಡೆಯ ಹುಡುಗಿ ಬಹಳ ತಾಳ್ಮೆಯವಳು. ವಾರಕ್ಕೊಮ್ಮೆ ತೊಳೆಯಬೇಕು ಅಂದಳು. ಮಾವ ಅದನ್ನೂ ಬರೆದುಕೊಂಡರು. ಹದಿನೈದು ದಿನ ಹೀಗೆ ನಡೆದು, ಕೊನೆಗೆ ಅವಳೇ ಫೋನು ಮಾಡಿ, "ಸಾರ್, ಇವತ್ತು ಪ್ರಶ್ನೆ ಇಲ್ವಾ? ಹುಷಾರಾಗಿದ್ದೀರಾ?" ಎಂದು ವಿಚಾರಿಸಿದಳಂತೆ!

ಪ್ರಶ್ನೆ ಇಲ್ಲದಿರಲು ಕಾರಣ, ಮಾವ ಅಂದು ಪ್ರಯೋಗದಲ್ಲಿದ್ದರು. ಮೆಟ್ಟಿಲು ಎಷ್ಟು ಕೆಳಗೆ ಬರುತ್ತದೋ ಅಷ್ಟೇ ತಗ್ಗಿಗೆ ಕಾರಿನ ಪಕ್ಕಕ್ಕೆ ಬೇವಿನ ಹಲಗೆಯೊಂದನ್ನು ಹಗ್ಗದಿಂದ ಕಟ್ಟಿದ್ದರು. ನನ್ನನ್ನೂ ಕೂರಿಸಿಕೊಂಡು ತಮಿಳುನಾಡಿನ ಗಡಿಯ ಪಾಲಾರಿನವರೆಗೆ ಹೊರಟರು. ದಾರಿಯುದ್ದಕ್ಕೂ ಹಲಗೆ ಎಲ್ಲೆಲ್ಲಿ ಕಲ್ಲಿಗೆ ಉಜ್ಜುತ್ತದೋ ನಾನು ಎಣಿಸಬೇಕು. ಅರ್ಧ ದಾರಿಯಲ್ಲಿ ಎಣಿಕೆ ತಪ್ಪಿತು, ಬೈಸಿಕೊಂಡೆ. ಪಾಲಾರಿನ ಟೀ ಅಂಗಡಿಯಾತ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ:

"ಎನ್ನ ಸಾರ್ ಇದು, ಹಲಗೆ ಕಟ್ಟಿದ್ದೀರಿ?"

"ಕರೆಂಟು ಮೆಟ್ಲು," ಅಂದರು ಮಾವ, ಗಂಭೀರವಾಗಿ.

"ಕರೆಂಟ್ ಎಲ್ಲಿ ಸಾರ್?"

"ಇನ್ನೂ ಬಂದಿಲ್ಲ."

ಆತ ನನ್ನ ಕಡೆ ನೋಡಿದ. ನಾನು ಹೊಳೆಯ ಕಡೆ ನೋಡಿದೆ.

ನಗಬಹುದು, ನಾವೂ ನಕ್ಕಿದ್ದೇವೆ. ಆದರೆ ಆ ಪ್ರಯೋಗದಿಂದಲೇ ಗೊತ್ತಾಯಿತು: ಮೆಟ್ಟಿಲು ಓಡುವಾಗ ಒಳಗಿರಬೇಕು, ನಿಂತಾಗ ಹೊರಗಿರಬೇಕು, ಬೇರೆ ದಾರಿಯೇ ಇಲ್ಲ. ಹಾಗೆ ಅಳೆದು ತಿಳಿಯುವ ತಾಳ್ಮೆ ನಮ್ಮಲ್ಲಿ ಯಾರಿಗಿದೆ? ಆದರೂ ಮಾವ ಇನ್ನೊಂದು ತಿಂಗಳು ಹಲಗೆ ಕಟ್ಟಿಕೊಂಡೇ ತಿರುಗುತ್ತಿದ್ದರೇನೋ. ಅಷ್ಟರಲ್ಲಿ ಅಜ್ಜೀಪುರದಿಂದ ಚಿಕ್ಕಮ್ಮನ ಫೋನು ಬಂತು. "ಅಣ್ಣ, ತಲೆ ಸಿಕ್ಕಾಗೋಗದೆ. ಸೊಸೆಗೆ ಕೂದ್ಲ ಕುಯ್ದಾಕ್ಬುಡು ಅಂದೀವ್ನಿ. ಅಕ್ಕುಂಗೆ ಏಳ್ಬ್ಯಾಡ." ಮಾವ ಫೋನಿಟ್ಟರು. ಆಮೇಲೆ ಹಗ್ಗ ಬಿಚ್ಚಿ ಹಲಗೆ ಕೆಳಗಿಟ್ಟು ಸೀದಾ ಮೈಸೂರಿಗೆ ಹೋದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ.

ಎರಡು ದಿನ ಬಿಟ್ಟು ಕಾರು ಅಗರಕ್ಕೆ ಬಂತು. ಮಾವ ಬಾಗಿಲು ತೆಗೆದರು. ಮೆಟ್ಟಿಲು ಸದ್ದಿಲ್ಲದೆ ಹೊರಗೆ ಬಂದು ತಗ್ಗಿ ನಿಂತಿತು. ಬೀದಿಯವರೆಲ್ಲ ಸೇರಿದರು. ಸಂಭ್ರಮದಲ್ಲಿ ಮಾವ ಒಂದು ಮಾತು ಆಡಿಬಿಟ್ಟರು: "ಒಸ ಸಾಮಾನು ಕಣಕ್ಕ, ಪೂಜೆ ಮಾಡಿ ಹತ್ತು." ಅಮ್ಮ ಒಳಗಿನಿಂದ ಬಟ್ಟಲು ತಂದು ಮೆಟ್ಟಿಲ ಉದ್ದಕ್ಕೂ ಅರಿಸಿನ ಸವರಿ, ಮೂರು ಕಡೆ ಕುಂಕುಮ ಇಟ್ಟು, ಹೂವಿಟ್ಟು ಕೈಮುಗಿದಳು. ಮುಗಿದು ಅಲ್ಲೇ ನಿಂತಳು.

"ಹತ್ತಕ್ಕ."

"ಎಂಗ್ಲಾ ಹತ್ತದು? ಬಾಗ್ಲಲ್ಲಿರೋದು, ಅರಿಸ್ನ ಕುಂಕುಮ ಇಕ್ಕಿರೋದು. ಒಸ್ಲು ಕಣ್ಲಾ ಇದು! ಒಸ್ಲು ತುಳುದಾರಾ?"

ಅಯ್ಯೋ! ನಾಯಿ, ಕೆಸರು, ಕಲ್ಲು ಎಲ್ಲವನ್ನೂ ಯೋಚಿಸಿದ್ದ ಮಾವ ಇದೊಂದನ್ನು ಯೋಚಿಸಿರಲಿಲ್ಲ. ಹೊಸಿಲಾದರೆ ಒಂದೇ ಕಡೆ ಇರುತ್ತದೆ, ಇದು ಒಳಗೆ ಹೊರಗೆ ಓಡಾಡುತ್ತದೆ ಎಂದು ವಾದ ಹೂಡಿದರು. ಪೂಜೆ ಆದ ಮೇಲೆ ಆಯಿತು ಅಂದಳು ಅಮ್ಮ. ದಾಟಿಕೊಂಡು ಹತ್ತುತ್ತೇನೆಂದು ಕಾಲೂ ಎತ್ತಿದಳು. ದಾಟುವ ಹಾಗಿದ್ದರೆ ಈ ಪಾಡೆಲ್ಲ ಏಕೆ? ಬೀದಿಯವರು ಮತ್ತೆ ನಗಲು ಶುರುಮಾಡಿದರು. ನನಗೂ ನಗು ಬರುತ್ತಿತ್ತು. ಅಮ್ಮನ ಮುಖ ನೋಡಿ ನಿಂತುಹೋಯಿತು. ಕಾಲು ಕೆಳಗಿಟ್ಟು ಅವಳು ಮನೆಯ ಕಡೆ ತಿರುಗಿದ್ದಳು.

"ಅಕ್ಕ," ಅಂದರು ಮಾವ. ದನಿ ಬೇರೆಯಾಗಿತ್ತು. "ನಾನು ಚಿಕ್ಕೋನಾಗಿದ್ದಾಗ ಎತ್ತಿನ ಗಾಡಿ ಹತ್ತಾಕೆ ನೀನು ಮಂಡಿ ಮಡಿಸ್ಕಂಡು ಕೂತ್ಕತಿದ್ದೆ. ನಿನ್ ಮಂಡಿ ತುಳ್ಕಂಡೇ ನಾನು ಹತ್ತಿದ್ದು. ನಿನಗಿಂತ ದೊಡ್ದಾ ಇದು?"

ಅಮ್ಮ ತಿರುಗಿ ನೋಡಿದಳು.

"ನೀನಿಲ್ದೇ ನಾನೇ ಯಾವತ್ತು ಹತ್ತೀನೋ ಅಂತ ದಿನಾ ನಿನ್ ಮಂಡಿ ಎತ್ರ ಅಳೀತಿದ್ದೆ. ಎರಡು ಗೇಣು ನಾಕು ಬೆರಳು. ನಾನು ಮೊದ್ಲು ಅಳ್ದಿದ್ದೇ ಅದು ಕಣಕ್ಕ."

ಯಾರೂ ನಗಲಿಲ್ಲ. ನಲವತ್ತು ವರ್ಷ ಊರವರ ಹೊಲಗದ್ದೆ ಅಳೆದ ಮನುಷ್ಯನ ಲೆಕ್ಕ ಎಲ್ಲಿಂದ ಶುರುವಾಗಿತ್ತು ಎಂದು ನನಗೆ ಅಂದು ಗೊತ್ತಾಯಿತು. ಅಮ್ಮ ಚಪ್ಪಲಿ ಬಿಟ್ಟಳು. ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಲಗಾಲಿಟ್ಟಳು, ಎಡಗಾಲೆತ್ತಿದಳು, ಒಳಗೆ ಕೂತಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಮಾವನ ಎರಡು ಕೈಗಳೂ ಗಾಳಿಯಲ್ಲಿ ಹಾಗೇ ಚಾಚಿಕೊಂಡಿದ್ದವು.

"ಬತ್ತೀಯೋ ಇಲ್ವೋ? ಅಲ್ಲಿ ಅವಳು ತಲೆ ಕೆದ್ರುಕಂಡು ಕೂತವ್ಳೆ," ಅಂದಳು ಅಮ್ಮ ಒಳಗಿನಿಂದ. ಅವಳ ಮಡಿಲಲ್ಲಿ ಬಾಚಣಿಗೆಯೂ ಎಣ್ಣೆಯ ಶೀಶೆಯೂ ಇದ್ದವು.

ಕಾರಿನೊಳಗೆ, ಅಮ್ಮ ಮೊದಲು ಕಾಲಿಟ್ಟ ಜಾಗದಲ್ಲಿ, ಅವಳ ಹೆಬ್ಬೆರಳಿನ ಕುಂಕುಮದ ಗುರುತು ಇನ್ನೂ ಇದೆ. ಅತ್ತೆ ಒರೆಸಲು ಹೋದರೆ ಮಾವ ಬಿಡುವುದಿಲ್ಲ. ಮೊನ್ನೆ ಅಜ್ಜೀಪುರಕ್ಕೆ ಹೊರಟಾಗ ಆ ಗುರುತು ತೋರಿಸಿ ನಾನು ಕೀಟಲೆಗೆ ಕೇಳಿದೆ: "ಮಾವ, ಇದರ ಅಳತೆ ಎಷ್ಟು?"

ಮಾವ ಜೇಬಿನ ಟೇಪಿನ ಮೇಲೆ ಕೈಯಿಟ್ಟು, ತೆಗೆಯದೆ ಹಾಗೇ ಬಿಟ್ಟರು.

"ಅದ ಅಳೀಬಾರ್ದು ಕಣ್ಲಾ," ಅಂದರು.